ಓದುಗರ ಪ್ರಶ್ನೆ: ಆನ್‌ಲೈನ್ ಥೆರಪಿಯಲ್ಲಿ ಎಂಥ ಮಾಡುತ್ತಾರೆ?

ಆನ್‌ಲೈನ್ ಥೆರಪಿ, ಅಂದರೆ ಮನಸ್ಸಿನ ಕಷ್ಟಕ್ಕೆ ವಿಡಿಯೊದಲ್ಲೋ ಫೋನಿನಲ್ಲೋ ಮಾತಾಡಿ ಪಡೆಯುವ ಚಿಕಿತ್ಸೆ, ಇದರ ಬಗ್ಗೆ ಮೊದಲೆಲ್ಲ ಅಲ್ಲೊಂದು ಇಲ್ಲೊಂದು ಪ್ರಶ್ನೆ ಬರುತ್ತಿತ್ತು. ಈಗ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಪತ್ರ ಬರೆದವರ ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ, ಕೆಲವು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಗಂಡ ದುಬೈಯಲ್ಲಿದ್ದಾರೆ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು, ನಾನು. ಕಳೆದ ಮಳೆಗಾಲದಿಂದ ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತದೆ, ಮತ್ತೆ ನಿದ್ದೆ ಇಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಇಸಿಜಿ ಮಾಡಿಸಿದೆ. ಏನೂ ಇಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ ಅಂತ ಹೇಳಿ ಕಳಿಸಿದರು. ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳು ಆನ್‌ಲೈನ್ ಥೆರಪಿ ತೆಗೆದುಕೊಂಡು ಹುಷಾರಾಗಿದ್ದಾಳೆ, ನೀನೂ ಮಾಡು ಅಂತ ದಿನಾ ಹೇಳುತ್ತಾಳೆ. ಅದರಲ್ಲಿ ಎಂಥ ಮಾಡುತ್ತಾರೆ? ಸುಮ್ನೆ ಮಾತಾಡಿದರೆ ಎದೆ ಡವಡವ ಹೇಗೆ ನಿಲ್ಲುತ್ತದೆ?
– ಓದುಗಿ, ಬ್ರಹ್ಮಾವರ ಕಡೆ

ಉತ್ತರ: ಇಸಿಜಿ ಮಾಡಿಸಿದ್ದು ಒಳ್ಳೆಯದಾಯಿತು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಟೆಸ್ಟ್ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿಬಿಡಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಕೆಡುತ್ತದೆ. ರಕ್ತ ಕಡಿಮೆ ಇದ್ದರೂ ಎದೆ ಡವಡವ, ಸುಸ್ತು. ಅದೆಲ್ಲ ಸರಿ ಇದೆ ಅಂತಾದ ಮೇಲೆ ಥೆರಪಿಯ ಮಾತು. ಟೆನ್ಷನ್ ಮಾಡಿಕೊಳ್ಳಬೇಡಿ ಅಂದ ಕೂಡಲೇ ಟೆನ್ಷನ್ ಹೋಗುವುದಾದರೆ ನಮಗೆಲ್ಲ ಕೆಲಸವೇ ಇರುತ್ತಿರಲಿಲ್ಲ.

ಸಮಯ ಬುಕ್ ಮಾಡಿದ ಮೇಲೆ ಮೊದಲು ಬರುವುದು ಒಂದು ಫಾರ್ಮ್. ಹೆಸರು, ವಯಸ್ಸು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಮನೆ ವಿಳಾಸ, ತುರ್ತಿಗೆ ಯಾರಾದರೊಬ್ಬರ ಫೋನ್ ನಂಬರ್. ಈ ಕೊನೆಯ ಕಾಲಮ್ ನೋಡಿ ತುಂಬಾ ಜನ ಫಾರ್ಮನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಮನೆಗೆ ಫೋನ್ ಮಾಡಿ ಹೇಳಿಬಿಟ್ಟರೆ ಅಂತ ಹೆದರಿಕೆ. ಹಾಗಲ್ಲ. ಥೆರಪಿಸ್ಟ್ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತಿರುತ್ತಾರೆ, ನೀವು ಬ್ರಹ್ಮಾವರದಲ್ಲಿ. ಮಾತಿನ ಮಧ್ಯೆ ನಿಮಗೆ ಏನಾದರೂ ಆದರೆ, ನಿಮ್ಮ ಜೀವಕ್ಕೆ ಅಪಾಯ ಅಂತ ಅವರಿಗೆ ಅನಿಸಿದರೆ, ನಿಮ್ಮ ಹತ್ತಿರ ಬೇಗ ಬರಬಲ್ಲವರು ಒಬ್ಬರು ಬೇಕಲ್ಲ, ಅದಕ್ಕೆ. ಅತ್ತೆಯ ನಂಬರೇ ಕೊಡಬೇಕು ಅಂತಿಲ್ಲ. ಅಕ್ಕನದ್ದೋ ಗೆಳತಿಯದ್ದೋ ಕೊಡಿ, ಅವರಿಗೆ ಒಂದು ಮಾತು ಹೇಳಿಡಿ.

ಜೊತೆಗೆ ಒಂದೆರಡು ಪ್ರಶ್ನಾವಳಿ ಇರಬಹುದು. ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಅಂತ ಒಂದುಂಟು. ಅದರಲ್ಲಿ 9 ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಸುಸ್ತು, ಬೇಸರ ಎಲ್ಲ ಹೇಗಿತ್ತು ಅಂತ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಆತಂಕಕ್ಕೆ ಜಿಎಡಿ-7, ಅದರಲ್ಲಿ ಒಟ್ಟು 21. ಜಾಸ್ತಿ ಬಂದರೆ ಒಳ್ಳೆಯದಲ್ಲ ಅಂತ ಕಡಿಮೆ ಬರೆಯಬೇಡಿ. ಅದರಲ್ಲಿ ಪಾಸು ಫೇಲು ಇಲ್ಲ. ಒಂದೂವರೆ ತಿಂಗಳ ನಂತರ ಅದೇ ಪ್ರಶ್ನೆ ಮತ್ತೆ ಕೇಳಿದಾಗ ನಿಮಗೆ ಎಷ್ಟು ವ್ಯತ್ಯಾಸ ಆಗಿದೆ ಅಂತ ಗೊತ್ತಾಗುವುದು ಇದರಿಂದಲೇ.

ಒಂದು ಸೆಷನ್ ಅಂದರೆ 45 ನಿಮಿಷದಿಂದ ಒಂದು ಗಂಟೆ. ಸಾಮಾನ್ಯವಾಗಿ ವಾರಕ್ಕೊಂದು. ಮೊದಲನೆಯದು ತುಂಬಾ ಜನರಿಗೆ ನಿರಾಸೆ ತರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬರೀ ಪ್ರಶ್ನೆ. ಯಾವಾಗಿಂದ, ಎಷ್ಟು ಸಲ, ಮನೆಯಲ್ಲಿ ಯಾರ್ಯಾರು, ಹಿಂದೆ ಹೀಗೆ ಆಗಿತ್ತಾ, ಸಾಯಬೇಕು ಅಂತ ಅನಿಸಿದೆಯಾ. ಈ ಕಡೆಯ ಪ್ರಶ್ನೆ ಎಲ್ಲರಿಗೂ ಕೇಳುತ್ತೇವೆ, ನಿಮ್ಮ ಮೇಲೆ ಸಂಶಯ ಬಂದು ಅಲ್ಲ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗುವುದೂ ಇಲ್ಲ. ಒಂದು ಗಂಟೆ ಆದ ಮೇಲೆ, ಅಯ್ಯೋ ಇಷ್ಟೇನಾ, ಪರಿಹಾರವೇ ಹೇಳಲಿಲ್ಲವಲ್ಲ ಅಂತ ಅನಿಸುತ್ತದೆ. ಅನಿಸಲಿ. ಮುಂದಿನ ವಾರ ಬನ್ನಿ.

ಕೆಲಸ ಶುರುವಾಗುವುದು ಆಮೇಲೆ. ನಿಮ್ಮ ಪತ್ರದ ಮೂರು ಗಂಟೆಯನ್ನೇ ತೆಗೆದುಕೊಳ್ಳಿ. ಎಚ್ಚರ ಆದ ಕೂಡಲೇ ಮೊದಲು ಏನು ಮಾಡುತ್ತೀರಿ ಅಂತ ಅವರು ಕೇಳುತ್ತಾರೆ. ಗಂಡ ಗಲ್ಫಿನಲ್ಲಿರುವ ತುಂಬಾ ಹೆಂಗಸರು ಕೊಡುವ ಉತ್ತರ ಒಂದೇ. ದಿಂಬಿನ ಕೆಳಗಿನ ಮೊಬೈಲ್ ತೆಗೆದು ವಾಟ್ಸಾಪ್‌ನಲ್ಲಿ ಅವರ ಲಾಸ್ಟ್ ಸೀನ್ ನೋಡುವುದು. ಇಲ್ಲಿ ಮೂರು ಅಂದರೆ ದುಬೈಯಲ್ಲಿ ರಾತ್ರಿ ಒಂದೂವರೆ. ಅಲ್ಲಿಯ ಒಂದು ಗಂಟೆಗೆ ಆನ್‌ಲೈನ್ ಇದ್ದರು ಅಂತ ಕಾಣಿಸುತ್ತದೆ. ಇಷ್ಟು ಹೊತ್ತು ಯಾಕೆ ಎಚ್ಚರ ಇದ್ದರು, ಹುಷಾರಿಲ್ವಾ, ಕೆಲಸಕ್ಕೆ ಏನಾದರೂ ಆಯಿತಾ, ಬೇರೆ ಯಾರ ಜೊತೆಯಾದರೂ ಮಾತಾ. ಅಷ್ಟರಲ್ಲಿ ಎದೆ ಶುರು. ಎದೆ ಶುರುವಾದ ಕೂಡಲೇ, ನನಗೇ ಏನೋ ಆಗುತ್ತಾ ಉಂಟು, ಮಕ್ಕಳ ಗತಿ ಏನು ಅಂತ ಇನ್ನೊಂದು. ಆ ಹೆದರಿಕೆಗೆ ಎದೆ ಇನ್ನೂ ಜೋರು. ನಿಮ್ಮದು ಇದೇ ಇರಬೇಕು ಅಂತ ಹೇಳುತ್ತಿಲ್ಲ. ಆದರೆ ಇಂಥ ಒಂದು ಸರಪಳಿ ಇದ್ದೇ ಇರುತ್ತದೆ, ಅದನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ನಿಮ್ಮ ಎದುರಿಗೆ ಇಡುವುದೇ ಅವರ ಕೆಲಸದ ದೊಡ್ಡ ಪಾಲು. ಸಿಬಿಟಿ ಅಂತ ಕೇಳಿರಬಹುದು, ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಥೆರಪಿ, ಅದು ಹೀಗೇ ನಡೆಯುವುದು.

ಡವಡವ ಯಾಕೆ ಕಡಿಮೆಯಾಗುತ್ತದೆ ಅಂದರೆ, ಆ ಹೊತ್ತಿನಲ್ಲಿ ನಿಮ್ಮ ಮೈ ಕಳ್ಳ ಬಾರದಿದ್ದರೂ ತೆಂಗಿನ ಗರಿ ಬಿದ್ದ ಸದ್ದಿಗೆ ಬೊಗಳುವ ನಾಯಿಯ ಹಾಗೆ ಆಗಿರುತ್ತದೆ. ಅದಕ್ಕೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ, ಅಭ್ಯಾಸ ಮಾಡಿಸಬೇಕು. ಅದಕ್ಕೇ ಹೋಮ್‌ವರ್ಕ್ ಕೊಡುತ್ತಾರೆ. ಮೊಬೈಲ್ ಬೇರೆ ಕೋಣೆಯಲ್ಲಿ ಚಾರ್ಜ್‌ಗೆ ಇಡಿ. ಎಚ್ಚರ ಆಗಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಎದ್ದು ಹೊರಗಿನ ಕೋಣೆಯಲ್ಲಿ ಕೂತುಕೊಳ್ಳಿ, ಕಣ್ಣು ಎಳೆಯುವಾಗ ವಾಪಸ್ ಬನ್ನಿ. ಉಸಿರನ್ನು ನಿಧಾನಕ್ಕೆ ಉದ್ದ ಬಿಡಿ. ಎಷ್ಟೇ ಕೆಟ್ಟ ರಾತ್ರಿ ಆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ತಲೆಗೆ ಬಂದದ್ದನ್ನು ಎರಡು ಸಾಲು ಬರೆದಿಡಿ. ಇದು ಓದುವಾಗ ಏನೂ ಅಲ್ಲ ಅಂತ ಅನಿಸುತ್ತದೆ. ವಾರಗಟ್ಟಲೆ ಮಾಡುವುದು ಕಷ್ಟ, ಯಾರಾದರೂ ಕೇಳುವವರು ಇದ್ದರೆ ಮಾಡುತ್ತೇವೆ. ಯೂಟ್ಯೂಬ್ ವಿಡಿಯೊಗೂ ಥೆರಪಿಗೂ ಇರುವ ವ್ಯತ್ಯಾಸ ಇಲ್ಲೇ.

ಎಷ್ಟು ಸಲ ಬೇಕು? ಆತಂಕ, ಖಿನ್ನತೆಗೆ ಸಿಬಿಟಿಯಲ್ಲಿ ಸಾಮಾನ್ಯವಾಗಿ 6ರಿಂದ 20 ಸೆಷನ್. ವಿಡಿಯೊದಲ್ಲಿ ಮಾಡಿದರೂ ಎದುರು ಕೂತು ಮಾಡಿದಷ್ಟೇ ಉಪಯೋಗ ಆಗುತ್ತದೆ ಅಂತ ಇವೆರಡರ ವಿಷಯದಲ್ಲಿ ಅಧ್ಯಯನಗಳು ತೋರಿಸಿವೆ. ಒಂದು ಮಾತು ನೆನಪಿರಲಿ. ಕೆಲವು ದಿನ ಸೆಷನ್ ಮುಗಿದ ಮೇಲೆ ಮನಸ್ಸು ಮೊದಲಿಗಿಂತ ಭಾರ ಆಗುತ್ತದೆ, ಅಳು ಬರುತ್ತದೆ. ಅದರ ಮರುಕ್ಷಣ ಮೀನಿನವಳು ಬಂದಳು, ಮಕ್ಕಳು ಶಾಲೆಯಿಂದ ಬಂದರು ಅಂತ ಓಡುವ ಹಾಗೆ ಸಮಯ ಇಟ್ಟುಕೊಳ್ಳಬೇಡಿ. ಅರ್ಧ ಗಂಟೆ ನಿಮಗಾಗಿ ಬಿಡಿ.

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಇನ್‌ಸ್ಟಾಗ್ರಾಂ ತೆರೆದರೆ ಸಾಕು, ಥೆರಪಿಸ್ಟ್, ಹೀಲರ್, ಕೋಚ್ ಅಂತ ಹತ್ತು ಜಾಹೀರಾತು. ಒಬ್ಬರು ಹತ್ತು ಸೆಷನ್ನಿಗೆ ಆಫರ್ ಕೊಟ್ಟಿದ್ದಾರೆ. ಅಸಲಿ ಯಾರು ಅಂತ ಹೇಗೆ ಗೊತ್ತಾಗುವುದು?
– ಓದುಗ, ಸುರತ್ಕಲ್

ಉತ್ತರ: ಆಫರ್ ನೋಡಿ ಸೀರೆ ತೆಗೆದುಕೊಳ್ಳಿ, ಥೆರಪಿ ಬೇಡ. ಒಬ್ಬರ ಜೊತೆ ಒಂದು ಗಂಟೆಯೂ ಮಾತಾಡದೆ ಹತ್ತು ಗಂಟೆಯ ದುಡ್ಡು ಮೊದಲೇ ಕೊಡುವುದು ಯಾಕೆ?

ಈ ಕ್ಷೇತ್ರದಲ್ಲಿ ಯಾರು ಯಾರು ಅಂತ ಮೊದಲು ತಿಳಿದುಕೊಳ್ಳಿ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಮಾತ್ರೆ ಬರೆಯಬಹುದು. ಅವರಿಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರುತ್ತದೆ, ಆನ್‌ಲೈನ್‌ನಲ್ಲಿ ಬರೆದುಕೊಡುವ ಚೀಟಿಯಲ್ಲೂ ಅದು ಇರಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವಂತಿಲ್ಲ, ಪರೀಕ್ಷೆ ಮತ್ತು ಥೆರಪಿ ಅವರ ಕೆಲಸ. ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಆಸ್ಪತ್ರೆಯಲ್ಲಿ ಎಂ.ಫಿಲ್. ಥರದ ತರಬೇತಿ ಆಗಿರುತ್ತದೆ, ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐಯಲ್ಲಿ ನೋಂದಣಿ ಆಗಿರಬೇಕು. ಅದಕ್ಕೆ ಸಿಆರ್‌ಆರ್ ನಂಬರ್ ಅನ್ನುತ್ತಾರೆ. ಆರ್‌ಸಿಐ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗುತ್ತದೆ.

ಮೂರನೆಯವರು ಕೌನ್ಸೆಲರ್‌ಗಳು. ಗೊಂದಲ ಇರುವುದು ಇಲ್ಲೇ. ಸೈಕಾಲಜಿಯಲ್ಲಿ ಎಂ.ಎಸ್ಸಿ. ಮಾಡಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿ ತುಂಬಾ ಚೆನ್ನಾಗಿ ಕೌನ್ಸೆಲಿಂಗ್ ಮಾಡುವವರು ಇದ್ದಾರೆ. ಎರಡು ದಿನದ ಸರ್ಟಿಫಿಕೇಟ್ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. 2021ರಲ್ಲಿ ಇಂಥ ವೃತ್ತಿಗಳಿಗೆಲ್ಲ ಸೇರಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು, ಆದರೆ ಕೌನ್ಸೆಲರ್ ಅಂತ ಬೋರ್ಡ್ ಹಾಕುವವರನ್ನೆಲ್ಲ ತಡೆದು ಕೇಳುವ ವ್ಯವಸ್ಥೆ ಇನ್ನೂ ಗಟ್ಟಿಯಾಗಿಲ್ಲ. ಹಾಗಾಗಿ ನೀವೇ ಕೇಳಬೇಕು. ಏನು ಓದಿದ್ದೀರಿ, ಎಲ್ಲಿ ತರಬೇತಿ, ನನ್ನಂಥ ಸಮಸ್ಯೆಯವರನ್ನು ನೋಡಿದ್ದೀರಾ, ನಿಮಗೆ ಮೇಲಿನಿಂದ ಸೂಪರ್‌ವಿಷನ್ ಇದೆಯಾ, ನಿಮ್ಮ ಕೈಮೀರಿದರೆ ಯಾರ ಹತ್ತಿರ ಕಳಿಸುತ್ತೀರಿ. ಸರಿಯಾದವರು ಈ ಪ್ರಶ್ನೆಗಳಿಗೆ ಖುಷಿಯಿಂದ ಉತ್ತರ ಕೊಡುತ್ತಾರೆ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೇ ನಮಸ್ಕಾರ ಹೇಳಿ. ಇಷ್ಟು ವಾರದಲ್ಲಿ ಗುಣ ಮಾಡುತ್ತೇನೆ ಅಂತ ಗ್ಯಾರಂಟಿ ಕೊಡುವವರಿಗೂ ಅಷ್ಟೇ. ಕೋಚ್, ಹೀಲರ್ ಇವೆಲ್ಲ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಹೆಸರು.

ದುಡ್ಡಿನ ವಿಷಯ. ಖಾಸಗಿಯಲ್ಲಿ ಒಂದು ಸೆಷನ್ನಿಗೆ ಐನೂರರಿಂದ ಎರಡು ಸಾವಿರ, ಕೆಲವು ಕಡೆ ಇನ್ನೂ ಮೇಲೆ. ನಿಮ್ಮದು ಬೆಂಗಳೂರಿನ ಕಂಪನಿ ಅಂದಿರಲ್ಲ, ಎಚ್‌ಆರ್ ಹತ್ತಿರ ಇಎಪಿ, ಅಂದರೆ ಉದ್ಯೋಗಿಗಳ ನೆರವಿನ ಕಾರ್ಯಕ್ರಮ ಇದೆಯಾ ಅಂತ ಕೇಳಿ ನೋಡಿ. ತುಂಬಾ ಕಂಪನಿಗಳು ಉದ್ಯೋಗಿಗಳಿಗೆ ಕೆಲವು ಸೆಷನ್ ಉಚಿತ ಕೊಡುತ್ತವೆ, ಗೊತ್ತಿಲ್ಲದೆ ಯಾರೂ ಬಳಸುವುದಿಲ್ಲ. ಕ್ಯಾನ್ಸಲ್ ಮಾಡುವ ನಿಯಮವನ್ನೂ ಓದಿಕೊಳ್ಳಿ. ಹಿಂದಿನ ದಿನವೇ ಹೇಳದಿದ್ದರೆ ಪೂರ್ತಿ ದುಡ್ಡು ಹೋಗುವುದು ಸಾಮಾನ್ಯ.

ದುಡ್ಡು ಕೊಡುವ ಸ್ಥಿತಿಯಲ್ಲಿ ಇಲ್ಲದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಿದ್ದರೆ ತಜ್ಞರಿಗೆ ಕೊಡುತ್ತಾರೆ. ವಾರ ವಾರ ಒಬ್ಬರೇ ಕೂತು ನಿಮ್ಮ ಜೊತೆ ಮುಂದುವರಿಸುವ ಥೆರಪಿ ಅಂತ ಮಾತ್ರ ತಿಳಿದುಕೊಳ್ಳಬೇಡಿ. ಶುರು ಎಲ್ಲಿಂದ ಮಾಡಲಿ ಅಂತ ಗೊತ್ತಾಗದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಪ್ರಶ್ನೆ: ಅಕ್ಕಾ, ನಾನು ಮಣಿಪಾಲದಲ್ಲಿ ಪಿಜಿಯಲ್ಲಿ ಇರುವುದು. ಒಂದು ರೂಮಿಗೆ ಮೂರು ಜನ. ಊರಿಗೆ ಹೋದರೆ ಮನೆಯಲ್ಲಿ ಬಾಗಿಲು ಹಾಕಿದರೆ ಸಾಕು, ಎಂಥ ಆಯಿತು ಅಂತ ಅಜ್ಜಿ ತಟ್ಟುತ್ತಾರೆ. ಎಲ್ಲಿ ಕೂತು ಮಾತಾಡಲಿ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಡಿಗ್ರಿ, ಫೀಸು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು ಅಂತ ನನಗೆ ಅನಿಸುತ್ತದೆ. ಬೇರೆಯವರು ಕೇಳಿಸಿಕೊಳ್ಳುತ್ತಾರೆ ಅಂತ ತಲೆಯ ಹಿಂದೆ ಇದ್ದರೆ ನೀವು ಅರ್ಧ ಸತ್ಯ ಹೇಳುತ್ತೀರಿ. ಥೆರಪಿಸ್ಟ್ ಆ ಅರ್ಧಕ್ಕೇ ಮದ್ದು ಹುಡುಕುತ್ತಾರೆ.

ರೂಮ್‌ಮೇಟ್‌ಗಳಿಗೆ ಕ್ಲಾಸ್ ಇದ್ದು ನಿಮಗೆ ಇಲ್ಲದ ಹೊತ್ತು ವಾರದಲ್ಲಿ ಒಂದಾದರೂ ಇರುತ್ತದೆ, ಅದನ್ನು ಹಿಡಿದುಕೊಳ್ಳಿ. ಒಂದು ಗಂಟೆ ಇಂಟರ್‌ವ್ಯೂ ಇದೆ ಅಂದರೆ ಯಾರೂ ಬರುವುದಿಲ್ಲ. ಇದೊಂದು ಸುಳ್ಳಿಗೆ ನನ್ನ ಒಪ್ಪಿಗೆ ಉಂಟು. ಇಯರ್‌ಫೋನ್ ಇದ್ದರೆ ಅವರು ಹೇಳುವುದು ಹೊರಗೆ ಕೇಳುವುದಿಲ್ಲ, ಆದರೆ ನೀವು ಹೇಳುವುದು ಕೇಳುತ್ತದೆ. ಹಾಗಾಗಿ ಬಾಗಿಲ ಹತ್ತಿರ ಫ್ಯಾನೋ ಹಾಡೋ ಹಾಕಿಡಿ. ಗೆಳತಿಯ ಕಾರಿನಲ್ಲಿ ಕೂತು ಮಾತಾಡುವವರಿದ್ದಾರೆ, ಕಾಲೇಜಿನ ಖಾಲಿ ಕ್ಲಾಸ್‌ರೂಮಿನಿಂದ ಮಾತಾಡುವವರಿದ್ದಾರೆ. ಬೀಚಿಗೆ ಹೋಗಬೇಡಿ, ಗಾಳಿಗೆ ಏನೂ ಕೇಳಿಸುವುದಿಲ್ಲ, ಮಧ್ಯೆ ಗುರುತಿನವರು ಯಾರಾದರೂ ಬಂದು ಮಾತಾಡಿಸುತ್ತಾರೆ. ಕೆಫೆಯೂ ಬೇಡ.

ನಮ್ಮ ಕಡೆ ಮಳೆಗಾಲದ ತಾಪತ್ರಯ ಬೇರೆ. ಜೂನ್, ಜುಲೈಯಲ್ಲಿ ಕರೆಂಟ್ ಹೋದರೆ ವೈಫೈ ಹೋಯಿತು, ಟವರ್ ಸಿಗುವುದಿಲ್ಲ, ಶೀಟ್ ಹಾಕಿದ ಮಾಡಿನ ಕೆಳಗೆ ಕೂತರೆ ಮಳೆಯದ್ದೇ ಮಾತು. ಲೈನ್ ಕಟ್ಟಾದರೆ ಯಾರು ಯಾರಿಗೆ ಮರಳಿ ಮಾಡುವುದು ಅಂತ ಮೊದಲ ದಿನವೇ ತೀರ್ಮಾನ ಮಾಡಿಕೊಳ್ಳಿ. ವಿಡಿಯೊ ಆಗದಿದ್ದರೆ ಬರೀ ಧ್ವನಿ ಸಾಕು. ಮುಖ ಕಾಣದಿದ್ದರೆ ಮಾತಾಡಲು ಸುಲಭ ಅನ್ನುವವರೂ ಉಂಟು. ಮೆಸೇಜಿನಲ್ಲೇ ನಡೆಯುವ ಥೆರಪಿಯೂ ಇದೆ, ಆದರೆ ನೀವು ಅಳುತ್ತಾ ಬರೆದಿರೋ ನಗುತ್ತಾ ಬರೆದಿರೋ ಆ ಕಡೆಯವರಿಗೆ ಗೊತ್ತಾಗದು. ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಇಷ್ಟೆಲ್ಲ ಮಾಡಿದರೂ ಜಾಗ ಸಿಗದಿದ್ದರೆ ಆನ್‌ಲೈನ್ ಬಿಡಿ. ನಿಮ್ಮ ಕಾಲೇಜಿನಲ್ಲಿ ಕೌನ್ಸೆಲರ್ ಇದ್ದಾರಾ ಕೇಳಿ, ಎದುರಿಗೇ ಹೋಗಿ ಕೂತುಕೊಳ್ಳಿ. ಅವರ ಕೋಣೆಗೆ ಬಾಗಿಲು ಇರುತ್ತದೆ.

ಪ್ರಶ್ನೆ: ಮಗಳಿಗೆ 17, ಪಿಯುಸಿ. ಮಾರ್ಕ್ಸ್ ಬಿದ್ದಿದೆ, ಮಾತು ಕಡಿಮೆ. ಆನ್‌ಲೈನ್ ಕೌನ್ಸೆಲಿಂಗ್ ಶುರು ಮಾಡಿಸಿದೆ. ಅವಳು ಏನು ಹೇಳಿದಳು ಅಂತ ಕೇಳಿದರೆ ಕೌನ್ಸೆಲರ್ ಹೇಳುವುದಿಲ್ಲ. ದುಡ್ಡು ಕೊಡುವುದು ನಾನು. ಇದು ನ್ಯಾಯವಾ?
– ಒಬ್ಬ ತಂದೆ, ಪುತ್ತೂರು

ಉತ್ತರ: ನ್ಯಾಯವೇ. ನಿಮ್ಮ ಸಂಕಟ ಅರ್ಥ ಆಗುತ್ತದೆ, ಆದರೂ ನಾನು ಕೌನ್ಸೆಲರ್ ಕಡೆ.

18 ತುಂಬದವರಿಗೆ ಚಿಕಿತ್ಸೆ ಶುರು ಮಾಡುವಾಗ ಅಪ್ಪ ಅಮ್ಮನ ಒಪ್ಪಿಗೆ ತೆಗೆದುಕೊಳ್ಳುತ್ತಾರೆ, ಅದು ನಿಮ್ಮಿಂದ ತೆಗೆದುಕೊಂಡಿರಬೇಕು. ಹೇಗೆ ಸಾಗುತ್ತಿದೆ, ಮನೆಯಲ್ಲಿ ನೀವು ಏನು ಬದಲಾಯಿಸಬಹುದು, ಇದನ್ನು ಕೇಳುವ ಹಕ್ಕು ನಿಮಗಿದೆ. ತಿಂಗಳಿಗೊಮ್ಮೆ ಮಗಳೂ ಇರುವಾಗ ಹದಿನೈದು ನಿಮಿಷ ನನ್ನ ಜೊತೆ ಮಾತಾಡಿ ಅಂತ ಕೌನ್ಸೆಲರ್ ಹತ್ತಿರ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಅವಳು ಆಡಿದ ಮಾತು ಮಾತ್ರ ಅವಳದ್ದು. ಒಂದು ಮಾತು ಅಪ್ಪನ ಕಿವಿಗೆ ಹೋಯಿತು ಅಂತ ಗೊತ್ತಾದ ದಿನ ಅವಳು ಅಲ್ಲೂ ಬಾಯಿ ಮುಚ್ಚುತ್ತಾಳೆ. ಆಮೇಲೆ ನಿಮ್ಮ ದುಡ್ಡು ನಿಜವಾಗಿಯೂ ದಂಡ.

ಗುಟ್ಟು ಕಾಪಾಡುವುದಕ್ಕೆ ಮಿತಿ ಇಲ್ಲವೇ ಅಂದರೆ, ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿಷಯ ಗುಪ್ತವಾಗಿರಬೇಕು ಅಂತ ಹೇಳುವ ಜೊತೆಗೇ, ಜೀವಕ್ಕೆ ಅಪಾಯ ಇದ್ದಾಗ, ಬೇರೆಯವರಿಗೆ ಹಾನಿ ಆಗುವ ಹಾಗಿದ್ದಾಗ ಹೇಳಲು ಬಿಡುತ್ತದೆ. ಮಗಳು ಕೈ ಕೊಯ್ದುಕೊಳ್ಳುತ್ತಿದ್ದಾಳೆ, ಸಾಯುವ ಯೋಚನೆ ಇದೆ ಅಂತಾದರೆ ನಿಮಗೆ ಫೋನ್ ಬರುತ್ತದೆ. ಅವಳ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಮಾಡಿದ್ದಾರೆ ಅಂತ ಗೊತ್ತಾದರೆ ಪೋಕ್ಸೊ ಕಾಯ್ದೆ ಪ್ರಕಾರ ಅವರು ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ಫೋನ್ ಬರದೇ ಇರುವುದನ್ನು ಸದ್ಯಕ್ಕೆ ಒಳ್ಳೆಯ ಸುದ್ದಿ ಅಂತ ತಿಳಿಯಿರಿ. ಸೆಷನ್ ನಡೆಯುವಾಗ ಬಾಗಿಲ ಹೊರಗೆ ಪೇಪರ್ ಓದುತ್ತಾ ಕೂರಬೇಡಿ, ಅವಳ ಫೋನಿನಲ್ಲಿ ರೆಕಾರ್ಡ್ ಮಾಡುವ ಆಲೋಚನೆಯೂ ಬೇಡ. ಹಿಂದೆ ಒಬ್ಬರು ಹಾಗೆ ಮಾಡಿ ನನಗೇ ಬರೆದಿದ್ದರು.

ಪ್ರಶ್ನೆ: ನಾಲ್ಕು ಸೆಷನ್ ಆಯಿತು. ನಾನು ಹೇಳುತ್ತಾ ಹೋಗುತ್ತೇನೆ, ಅವರು ಹೂಂ ಹೂಂ ಅನ್ನುತ್ತಾರೆ. ನನಗೆ ಏನೂ ಗೊತ್ತಾಗುತ್ತಿಲ್ಲ. ಬಿಡಲಾ?
– ಓದುಗ, ಮೂಡುಬಿದಿರೆ

ಉತ್ತರ: ಬಿಡುವ ಮೊದಲು ಈಗ ನನಗೆ ಬರೆದದ್ದನ್ನೇ ಅವರಿಗೆ ಹೇಳಿ. ನಮ್ಮವರ ಕಷ್ಟ ಇದೇ. ಎದುರಿಗೆ ಹೇಳಿದರೆ ಅವರಿಗೆ ಬೇಜಾರಾಗುತ್ತದೋ ಏನೋ ಅಂತ ಸುಮ್ಮನಿದ್ದು, ಐದನೇ ವಾರ ಫೋನೇ ಎತ್ತುವುದಿಲ್ಲ. ಸರ್, ಇಷ್ಟು ದಿನ ಆಯಿತು, ನಾವು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ತಿಳಿಯುತ್ತಿಲ್ಲ ಅಂತ ನೇರ ಕೇಳಿ. ಅವರು ಇದು ನನ್ನ ಲೆಕ್ಕ, ಇಷ್ಟು ವಾರ ಇದನ್ನು ಮಾಡೋಣ, ಆಮೇಲೆ ನೋಡೋಣ ಅಂತ ಬಿಡಿಸಿ ಹೇಳಿದರೆ ಇನ್ನೆರಡು ಮೂರು ಸಲ ಹೋಗಿ. ಉತ್ತರವೇ ಇಲ್ಲ, ಅಥವಾ ನಿಮ್ಮದೇ ತಪ್ಪು ಅನ್ನುವ ಹಾಗೆ ಮಾತಾಡಿದರು ಅಂದರೆ ಬದಲಾಯಿಸಿ. ಥೆರಪಿಸ್ಟ್ ಬದಲಾಯಿಸುವುದು ದ್ರೋಹ ಅಲ್ಲ. ಇಬ್ಬರ ನಡುವೆ ಹೊಂದಿಕೆ ಇಲ್ಲದಿದ್ದರೆ ಎಷ್ಟೇ ಓದಿದವರಾದರೂ ಪ್ರಯೋಜನ ಕಡಿಮೆ.

ಇನ್ನೊಂದು. ಹೂಂ ಅನ್ನುವುದೆಲ್ಲ ಉದಾಸೀನ ಅಲ್ಲ. ನೀವು ಕೇಳಿದ ಕೂಡಲೇ ಕೆಲಸ ಬಿಡಿ, ಹೆಂಡತಿಗೆ ಹೀಗೆ ಹೇಳಿ ಅಂತ ತೀರ್ಪು ಕೊಡುವವರನ್ನು ನಾನು ಜಾಸ್ತಿ ಅನುಮಾನದಿಂದ ನೋಡುತ್ತೇನೆ. ಸಲಹೆ ಕೊಡಲು ನಿಮಗೆ ಮಾವಂದಿರು ಇದ್ದಾರೆ. ಕೊಟ್ಟ ಹೋಮ್‌ವರ್ಕ್ ಮಾಡಿದ್ದೀರಾ ಅಂತ ಮಾತ್ರ ನಿಮ್ಮನ್ನು ನೀವೇ ಒಂದು ಸಲ ಕೇಳಿಕೊಳ್ಳಿ. ಪತ್ರದಲ್ಲಿ ಆ ವಿಷಯ ಇಲ್ಲ.

ಪ್ರಶ್ನೆ: ಮಗನಿಗೆ 22. ಮೂರು ವಾರದಿಂದ ಕೋಣೆಯಿಂದ ಹೊರಗೆ ಬರುವುದಿಲ್ಲ. ರಾತ್ರಿಯಿಡೀ ಯಾರ ಜೊತೆಗೋ ಮಾತಾಡುತ್ತಾನೆ. ನೆರೆಮನೆಯವರು ಕ್ಯಾಮರಾ ಇಟ್ಟಿದ್ದಾರೆ ಅನ್ನುತ್ತಾನೆ. ಊಟ ಸರಿ ಇಲ್ಲ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿ ನೋಡಿದೆವು, ದೈವಕ್ಕೆ ಹರಕೆ ಹೇಳಿದ್ದೇವೆ. ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. ಆನ್‌ಲೈನ್ ಥೆರಪಿ ಮಾಡಿಸಬಹುದಾ?
– ಒಬ್ಬ ತಾಯಿ, ಕಾರ್ಕಳ ತಾಲೂಕು

ಉತ್ತರ: ಅಮ್ಮಾ, ಇದು ಆನ್‌ಲೈನ್ ಥೆರಪಿಯಲ್ಲಿ ಆಗುವಂಥದ್ದಲ್ಲ. ಮನೋವೈದ್ಯರು ಎದುರಿಗೆ ನೋಡಬೇಕು, ಈ ವಾರವೇ. ಹರಕೆ ನಿಮ್ಮ ನಂಬಿಕೆ, ಅದು ಅದರ ಪಾಡಿಗೆ ಇರಲಿ, ಆದರೆ ಅದಾದ ಮೇಲೆ ಆಸ್ಪತ್ರೆ ಅಂತ ಕಾಯಬೇಡಿ. ಇಲ್ಲದ ಮಾತು ಕೇಳಿಸುವುದು, ಎಲ್ಲರ ಮೇಲೆ ಸಂಶಯ ಬರುವುದು ಕಾಯಿಲೆಯ ಲಕ್ಷಣ ಇರಬಹುದು. ಮದ್ದು ಬೇಗ ಶುರುವಾದಷ್ಟು ಚೇತರಿಕೆ ಒಳ್ಳೆಯದು, ಈ ಒಂದು ವಿಷಯದಲ್ಲಿ ವೈದ್ಯರಲ್ಲಿ ಎರಡು ಮಾತಿಲ್ಲ.

ಮಗ ಬರುವುದಿಲ್ಲ ಅಂದಿರಿ. ಹಾಗಿದ್ದರೆ ನೀವೇ 14416ಕ್ಕೆ ಫೋನ್ ಮಾಡಿ ಇಷ್ಟನ್ನೂ ಹೇಳಿ. ಮನೆಯವರೂ ಮಾಡಬಹುದು. ಹೇಗೆ ಕರೆದುಕೊಂಡು ಬರುವುದು, ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಕೇಳಿ. ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಂಗಳೂರಿನ ವೆನ್‌ಲಾಕ್, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗಳಿಗೂ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಉಂಟು. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿಚಾರಿಸಿ ಹೇಳುತ್ತಾರೆ.

ಅಲ್ಲಿಯವರೆಗೆ ಕ್ಯಾಮರಾ ಇಲ್ಲ ಅಂತ ಅವನ ಜೊತೆ ವಾದ ಮಾಡಬೇಡಿ. ಹೌದು ಇದೆ ಅಂತಲೂ ಹೇಳಬೇಡಿ. ನಿನಗೆ ತುಂಬಾ ಹೆದರಿಕೆ ಆಗಿದೆ ಅಂತ ಕಾಣುತ್ತದೆ, ನಿದ್ದೆ ಇಲ್ಲದೆ ಸುಸ್ತಾಗಿದ್ದೀಯ, ನಿದ್ದೆಗೆ ಡಾಕ್ಟ್ರ ಹತ್ತಿರ ಹೋಗೋಣ ಅನ್ನಿ. ನಿದ್ದೆಯ ಹೆಸರಿನಲ್ಲಿ ತುಂಬಾ ಜನ ಒಪ್ಪುತ್ತಾರೆ. ತನಗೋ ಬೇರೆಯವರಿಗೋ ಏನಾದರೂ ಮಾಡಿಕೊಳ್ಳುವ ಹಾಗೆ ಕಂಡರೆ ಕಾಯಬೇಡಿ, 112ಕ್ಕೋ 108ಕ್ಕೋ ಫೋನ್ ಮಾಡಿ.

ಪ್ರಶ್ನೆ: ಮಾತ್ರೆಯನ್ನೂ ವಿಡಿಯೊ ಕಾಲ್‌ನಲ್ಲೇ ಬರೆಸಿಕೊಳ್ಳಬಹುದಾ?
– ಬಂಟ್ವಾಳ

ಉತ್ತರ: ಮನೋವೈದ್ಯರಿಂದ ಆಗುತ್ತದೆ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ. ಆದರೆ ಎಲ್ಲ ಮಾತ್ರೆ ಅಲ್ಲ. ಕೆಲವಕ್ಕೆ ಮೊದಲ ಸಲ ವಿಡಿಯೊದಲ್ಲಿ ನೋಡಿರಲೇಬೇಕು, ಕೆಲವನ್ನು ಆನ್‌ಲೈನ್‌ನಲ್ಲಿ ಬರೆಯುವಂತೆಯೇ ಇಲ್ಲ. ಅಂಥದ್ದನ್ನು ವಾಟ್ಸಾಪ್‌ನಲ್ಲೇ ಬರೆದುಕೊಡುತ್ತೇನೆ ಅನ್ನುವವರು ಸಿಕ್ಕಿದರೆ ದೂರ ಇರಿ. ಗೆಳೆಯನ ಹಳೆಯ ಚೀಟಿ ತೋರಿಸಿ ನಿದ್ದೆ ಮಾತ್ರೆ ತರುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಪ್ರಶ್ನೆ: ಎಐ ಜೊತೆ ಮಾತಾಡಿದರೆ ಸಾಲದಾ? ಫ್ರೀ, ಬೈಯುವುದಿಲ್ಲ, ರಾತ್ರಿ ಎರಡು ಗಂಟೆಗೂ ಉತ್ತರ ಕೊಡುತ್ತದೆ.
– ಕುಂದಾಪುರ

ಉತ್ತರ: ಬೈಯುವುದಿಲ್ಲ ಅನ್ನುವುದೇ ನನಗಿರುವ ಚಿಂತೆ. ನಿಮ್ಮ ಮಾತಿಗೆಲ್ಲ ತಲೆ ಆಡಿಸುತ್ತಾ ಹೋದರೆ ಆ ಕ್ಷಣಕ್ಕೆ ಹಿತ, ಆದರೆ ಎಲ್ಲಿ ನಿಮ್ಮನ್ನು ತಡೆದು, ಇರಿ, ಹೋದ ವಾರ ಬೇರೆ ಹೇಳಿದ್ದಿರಲ್ಲ ಅಂತ ಕೇಳಬೇಕೋ ಅಲ್ಲಿ ಕೇಳುವವರು ಬೇಕು. ಮನಸ್ಸಿನಲ್ಲಿ ಇರುವುದನ್ನು ಬರೆದು ಒಂದು ರೂಪಕ್ಕೆ ತರಲು, ಥೆರಪಿಸ್ಟ್ ಹತ್ತಿರ ಏನು ಕೇಳಬೇಕು ಅಂತ ಪಟ್ಟಿ ಮಾಡಲು ಬಳಸಿ. ಸಾಯಬೇಕು ಅನಿಸುವ ರಾತ್ರಿ ಅದರ ಜೊತೆ ಕೂರಬೇಡಿ. ಎರಡು ಗಂಟೆಗೆ 14416ನಲ್ಲೂ ಮನುಷ್ಯರು ಇರುತ್ತಾರೆ.

ಪ್ರಶ್ನೆ: ಮಂಗಳೂರಿನಲ್ಲಿ ಯಾರನ್ನು ಕೇಳಿದರೂ ಅವರಿಗೆ ನಮ್ಮ ಮನೆಯವರು ಯಾರಾದರೂ ಗೊತ್ತಿರುತ್ತಾರೆ. ಊರಿನ ಥೆರಪಿಸ್ಟ್ ಬೇಡ ಅನಿಸುತ್ತದೆ. ದೂರದವರಿಗೆ ನಮ್ಮ ವಿಷಯ ಅರ್ಥ ಆಗುತ್ತದಾ?
– ಓದುಗಿ, ಕದ್ರಿ

ಉತ್ತರ: ಆನ್‌ಲೈನ್‌ನಿಂದ ನಮ್ಮ ಕಡೆಯವರಿಗೆ ಆದ ದೊಡ್ಡ ಉಪಕಾರ ಇದೇ ಇರಬೇಕು. ವೇಟಿಂಗ್ ರೂಮಿನಲ್ಲಿ ಅತ್ತಿಗೆಯ ತಂಗಿ ಸಿಗುವ ಹೆದರಿಕೆ ಇಲ್ಲ. ಧಾರವಾಡದವರನ್ನೋ ಮೈಸೂರಿನವರನ್ನೋ ಧಾರಾಳ ಆರಿಸಿಕೊಳ್ಳಿ. ಕೂಡುಕುಟುಂಬದ ಮನೆ ಪಾಲು, ಗಲ್ಫಿನ ಗಂಡ, ದೈವದ ನೇಮಕ್ಕೆ ಎಲ್ಲರೂ ಸೇರಿದಾಗ ಆದ ಜಗಳ, ಇದನ್ನೆಲ್ಲ ಒಂದೆರಡು ಸಲ ಬಿಡಿಸಿ ಹೇಳಬೇಕಾಗುತ್ತದೆ ಅಷ್ಟೇ. ಹೇಳುವಾಗ ನಿಮಗೇ ಕೆಲವು ಸಂಗತಿ ಹೊಸದಾಗಿ ಕಾಣುವುದೂ ಉಂಟು. ಆದರೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಅತ್ತರೇ ಅತ್ತ ಹಾಗೆ ಅನ್ನುವವರಾದರೆ ಊರಿನವರೇ ಬೇಕಾಗುತ್ತದೆ. ಬುಕ್ ಮಾಡುವಾಗಲೇ ಭಾಷೆ ಕೇಳಿ.

ಊರಿನವರನ್ನೇ ಆರಿಸಿಕೊಂಡರೂ ಇಷ್ಟು ಹೆದರಬೇಕಾಗಿಲ್ಲ. ನಿಮಗೂ ಅವರಿಗೂ ಹತ್ತಿರದ ನೆಂಟಸ್ತಿಕೆ ಇದೆ ಅಂತ ಗೊತ್ತಾದರೆ ಅವರೇ ಬೇರೆಯವರ ಹತ್ತಿರ ಕಳಿಸಬೇಕು, ವೃತ್ತಿಯ ನಿಯಮ ಹಾಗಿದೆ. ಯಾವುದೋ ಮದುವೆ ಹಾಲಿನಲ್ಲಿ ಎದುರಾದರೆ ಅವರು ತಾವಾಗಿ ನಿಮ್ಮನ್ನು ಮಾತಾಡಿಸುವುದಿಲ್ಲ. ಗುರುತು ಇಲ್ಲದವರ ಹಾಗೆ ಮುಂದೆ ಹೋಗುತ್ತಾರೆ, ಅದನ್ನು ಅಹಂಕಾರ ಅಂದುಕೊಳ್ಳಬೇಡಿ. ನೀವಾಗಿ ಮಾತಾಡಿಸಿದರೆ ಮಾತಾಡುತ್ತಾರೆ, ಅದೂ ಪಾಯಸ ಹೇಗಿದೆ ಅಂತ.